‘ಡೈರೆಕ್ಟೋರಿಯಲ್’ ಎಂಬ ವಿಶೇಷಣ: ಕನ್ನಡ ಚಿತ್ರವಿಮರ್ಶೆಯಲ್ಲಿ ಅದರ ಅರ್ಥ ಮತ್ತು ಪ್ರಯೋಗ

1

ಚಲನಚಿತ್ರವನ್ನು ಕುರಿತ ಬರವಣಿಗೆಯು ಕನ್ನಡ ಅಧ್ಯಯನದ ಪರಿಧಿಯೊಳಗೆ ಬಂದ ಮೇಲೆ ಪರಿಭಾಷೆಯ ಪ್ರಶ್ನೆ ಪದೇ ಪದೇ ಎದುರಾಗುತ್ತಿದೆ. ಸಂಶೋಧಕರು ಓದುವ ಸಿದ್ಧಾಂತ ಗ್ರಂಥಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಬರೆಯಬೇಕಾದ ಪ್ರಬಂಧ ಕನ್ನಡದ್ದು. ಈ ಹಾದಿಯಲ್ಲಿ ‘ಕ್ಯಾಮೆರಾ’, ‘ಶಾಟ್’, ‘ಕ್ಲೋಸಪ್’ ಮೊದಲಾದ ನಾಮಪದಗಳು ಹೆಚ್ಚಿನ ತೊಂದರೆ ಕೊಡುವುದಿಲ್ಲ. ಅವನ್ನು ಇದ್ದಂತೆಯೇ ತೆಗೆದುಕೊಂಡು ವಿಭಕ್ತಿ ಪ್ರತ್ಯಯ ಹಚ್ಚಿದರೆ ಕನ್ನಡ ವಾಕ್ಯದಲ್ಲಿ ಸಲೀಸಾಗಿ ಕೂಡಿಕೊಳ್ಳುತ್ತವೆ. ತೊಡಕು ಇರುವುದು ವಿಶೇಷಣಗಳಲ್ಲಿ. ಅದರಲ್ಲೂ ‘ಡೈರೆಕ್ಟೋರಿಯಲ್’ ಎಂಬ ಪದವು ಚಿತ್ರವಿಮರ್ಶೆಯ ಇಂಗ್ಲಿಷ್ ಪುಟಗಳಲ್ಲಿ ಅತಿ ಸಾಮಾನ್ಯವಾದುದು; ಕನ್ನಡಕ್ಕೆ ತರುವಾಗ ಅತಿ ಹೆಚ್ಚು ಕೈಕೊಡುವುದೂ ಅದೇ. ಇದಕ್ಕೆ ಒಂದೇ ಪದದ ಸಮಾನಾರ್ಥಕವನ್ನು ಹುಡುಕುವುದು ಸರಿಯೇ, ಹುಡುಕುವ ಮುನ್ನ ಆ ಪದ ಇಂಗ್ಲಿಷಿನಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ನೋಡಿದ್ದೇವೆಯೇ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ.

ಈ ಪದ ಸಿನಿಮಾಕ್ಕಿಂತ ಹಳೆಯದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದಲೇ ಅದು ಇಂಗ್ಲಿಷಿನ ಬಳಕೆಯಲ್ಲಿದೆ. ಆಗ ಅದರ ಅರ್ಥ ಮೇಲ್ವಿಚಾರಣೆಯ ಅಧಿಕಾರವುಳ್ಳವರಿಗೆ ಸಂಬಂಧಿಸಿದ್ದು ಎಂಬುದು. ಕಂಪನಿಗಳ ಡೈರೆಕ್ಟರುಗಳಿಗೆ ಸಂಬಂಧಿಸಿದ ಅರ್ಥವನ್ನು ಅದು ಇಂದಿಗೂ ಬಿಟ್ಟುಕೊಟ್ಟಿಲ್ಲ. ರಂಗಭೂಮಿ, ಸಿನಿಮಾಗಳ ಅರ್ಥ ಸೇರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೂಲ ಧಾತುವಿನ ಮಟ್ಟದಲ್ಲೂ ಕುತೂಹಲದ ಒಂದು ವ್ಯತ್ಯಾಸವಿದೆ. ಲ್ಯಾಟಿನ್ನಿನ ‘ದಿರಿಗೆರೆ’ ಎಂದರೆ ನೇರಗೊಳಿಸುವುದು; ಅದರೊಳಗಿನ ‘ರೆಗೆರೆ’ ಸಂಸ್ಕೃತದ ‘ಋಜು’ ಶಬ್ದದ ಬಂಧು. ನಮ್ಮ ‘ನಿರ್ದೇಶಕ’ ಬಂದದ್ದು ‘ದಿಶ್’ ಧಾತುವಿನಿಂದ, ತೋರಿಸು ಎಂಬ ಅರ್ಥದಲ್ಲಿ. ಒಂದು ಭಾಷೆಯ ಪದದಲ್ಲಿ ಆತ ಸೊಟ್ಟಗಿರುವುದನ್ನು ನೆಟ್ಟಗೆ ಮಾಡುವವನು. ಇನ್ನೊಂದರಲ್ಲಿ ಬೆರಳು ಮಾಡಿ ತೋರಿಸುವವನು. ವ್ಯುತ್ಪತ್ತಿಯಿಂದ ಪ್ರಯೋಗವನ್ನು ತೀರ್ಮಾನಿಸಲಾಗದು. ಆದರೂ ಎರಡು ಪದಗಳು ಪರಸ್ಪರ ಪ್ರತಿಬಿಂಬಗಳಲ್ಲ ಎಂಬ ಎಚ್ಚರಕ್ಕೆ ಇಷ್ಟು ಸಾಕು.

ವ್ಯಾಕರಣದ ದೃಷ್ಟಿಯಿಂದ ‘ಡೈರೆಕ್ಟೋರಿಯಲ್’ ಗುಣಸೂಚಕವಲ್ಲ, ಸಂಬಂಧಸೂಚಕ ವಿಶೇಷಣ. ಹಾಗಾಗಿ ಅದಕ್ಕೆ ತರತಮ ಸಾಮಾನ್ಯವಾಗಿ ಇಲ್ಲ. ಒಂದು ಚಿತ್ರ ಇನ್ನೊಂದಕ್ಕಿಂತ ಹೆಚ್ಚು ‘ಡೈರೆಕ್ಟೋರಿಯಲ್’ ಎಂದು ಇಂಗ್ಲಿಷಿನವರು ಸಹಜವಾಗಿ ಹೇಳುವುದಿಲ್ಲ. ವಾಕ್ಯದ ಕೊನೆಯಲ್ಲಿ ಆಖ್ಯಾತವಾಗಿಯೂ ಅದು ಅಪರೂಪ; ನಾಮಪದದ ಹಿಂದೆ ಅಂಟಿಕೊಂಡೇ ಇರುತ್ತದೆ. ಈ ಅಂಟಿನಲ್ಲಿ ಮೂರು ಬೇರೆ ಬೇರೆ ಸಂಬಂಧಗಳು ಅಡಗಿವೆ. ಮೊದಲನೆಯದು ವ್ಯಕ್ತಿಯ ಸಂಬಂಧ: ನಿರ್ದೇಶಕನೆಂಬ ಮನುಷ್ಯನ ದೃಷ್ಟಿ, ಸ್ವಭಾವ, ಹಟ. ಎರಡನೆಯದು ಕ್ರಿಯೆಯ ಸಂಬಂಧ: ಚಿತ್ರವನ್ನು ನಿರ್ದೇಶಿಸುವ ಕೆಲಸ ನಡೆದ ಬಗೆ. ಮೂರನೆಯದು ಸ್ಥಾನದ ಸಂಬಂಧ: ಯಾರೇ ಕುಳಿತರೂ ಆ ಕುರ್ಚಿಗೆ ಬರುವ ಹೊಣೆ, ಅಧಿಕಾರ. ಇಂಗ್ಲಿಷ್ ಪದ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಯಾವುದೆಂದು ಸ್ಪಷ್ಟಪಡಿಸುವ ಒತ್ತಾಯ ಬರೆಯುವವನ ಮೇಲಿಲ್ಲ. ಪದದ ಅನುಕೂಲವೂ ಅದರ ಅಪಾಯವೂ ಇಲ್ಲಿಯೇ ಇದೆ.

ಇದರ ಜೊತೆಗೆ ಭಾರತೀಯ ಇಂಗ್ಲಿಷ್ ಪತ್ರಿಕೋದ್ಯಮ ಈ ವಿಶೇಷಣವನ್ನು ನಾಮಪದವನ್ನಾಗಿಯೂ ಮಾಡಿಕೊಂಡಿದೆ. ಇಂಥವರ ‘ಡೈರೆಕ್ಟೋರಿಯಲ್’ ಬಿಡುಗಡೆಯಾಗಿದೆ ಎಂದರೆ ಅವರು ನಿರ್ದೇಶಿಸಿದ ಚಿತ್ರ ಬಿಡುಗಡೆಯಾಗಿದೆ ಎಂದರ್ಥ. ಹೊರದೇಶದ ಓದುಗನಿಗೆ ಇದು ವಿಚಿತ್ರವಾಗಿ ಕೇಳಿಸೀತು. ಆದರೆ ವಿಶೇಷಣ ನಾಮಪದವಾಗುವುದು ಅಸಹಜವೇನೂ ಅಲ್ಲ. ಸಂಪಾದಕನಿಗೆ ಸಂಬಂಧಿಸಿದ ‘ಎಡಿಟೋರಿಯಲ್’ ಅಗ್ರಲೇಖನದ ಹೆಸರಾದದ್ದು ಇದೇ ದಾರಿಯಲ್ಲಿ.

2

ಕನ್ನಡದಲ್ಲಿ ವಿಶೇಷಣ ಎಂಬ ವರ್ಗದ ಸ್ವರೂಪವೇ ಚರ್ಚಾಸ್ಪದ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಗುಣವಚನಗಳನ್ನು ನಾಮದ ವ್ಯವಸ್ಥೆಯೊಳಗೇ ಇರಿಸಿಕೊಳ್ಳುತ್ತಾನೆ. ನಮ್ಮ ಕಾಲದಲ್ಲಿ ಡಿ.ಎನ್. ಶಂಕರ ಭಟ್ಟರು ವಿಶೇಷಣ ವರ್ಗವನ್ನೇ ವಸ್ತುವಾಗಿಸಿಕೊಂಡು 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರತ್ಯೇಕ ಗ್ರಂಥ ಬರೆದರು. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಥವಾ ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ಯಬಾರದೆಂಬ ಅವರ ವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದ ಮೂಲಕ ಕನ್ನಡ ವಿಭಾಗಗಳಲ್ಲಿ ಚಿರಪರಿಚಿತವಾಗಿದೆ. ಅವರ ಎಲ್ಲ ಹೊಸ ಪದಗಳನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬೇಕಾಗುತ್ತದೆ. ದೊಡ್ಡ, ಚಿಕ್ಕ, ಹೊಸ, ಹಳೆ ಮೊದಲಾದ ಕೆಲವೇ ಪದಗಳನ್ನು ಬಿಟ್ಟರೆ ಕನ್ನಡವು ವಿಶೇಷಣದ ಕೆಲಸವನ್ನು ಷಷ್ಠೀ ವಿಭಕ್ತಿಯಿಂದ, ಕೃದಂತದಿಂದ ಇಲ್ಲವೇ ಬರಿಯ ಸಮಾಸದಿಂದ ಮಾಡಿಸುತ್ತದೆ. ಸಂಬಂಧಸೂಚಕ ವಿಶೇಷಣಗಳ ಮಟ್ಟಿಗಂತೂ ಈ ಮಾತು ಹೆಚ್ಚು ಸತ್ಯ.

ಬೆಂಗಳೂರಿನ ಹಲಸೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘ಹಲಸೂರು ಕೆರೆ’ ಎಂದರೆ ಅದೊಂದು ಹೆಸರು. ‘ಹಲಸೂರಿನ ಕೆರೆ’ ಎಂದರೆ ವರ್ಣನೆ. ಆ ಊರಿಗೆ ಸೇರಿದ ಕೆರೆ ಎಂಬ ಸಂಬಂಧವನ್ನು ಅಲ್ಲಿ ಬಾಯಿಬಿಟ್ಟು ಹೇಳಲಾಗಿದೆ. ಇಂಗ್ಲಿಷಿನ ನಾಮಫಲಕ ಎರಡಕ್ಕೂ ಒಂದೇ ರೂಪ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಪ್ರತ್ಯಯವಿಲ್ಲದ ರೂಪ, ಪ್ರತ್ಯಯವಿರುವ ರೂಪ ಇವೆರಡರ ನಡುವಿನ ಈ ಅಂತರ ಸಿನಿಮಾ ಭಾಷೆಯಲ್ಲಿ ಮತ್ತಷ್ಟು ಕೆಲಸ ಮಾಡುತ್ತದೆ. ‘ರಾಜ್‌ಕುಮಾರ್ ಚಿತ್ರ’ ಎಂದಾಗ ರಾಜ್‌ಕುಮಾರ್ ಅಭಿನಯಿಸಿದ ಚಿತ್ರವೆಂದು ಯಾರಾದರೂ ಹೇಳುತ್ತಾರೆ. ‘ಪುಟ್ಟಣ್ಣ ಚಿತ್ರ’ ಎಂದಾಗ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರವೆಂದು ಅದೇ ಕೇಳುಗ ತಿಳಿಯುತ್ತಾನೆ. ಎರಡೂ ಸಮಾಸಗಳ ರಚನೆ ಒಂದೇ; ಸಂಬಂಧ ಬೇರೆ. ಆ ಸಂಬಂಧವನ್ನು ತುಂಬಿಕೊಡುವುದು ವ್ಯಾಕರಣವಲ್ಲ, ಪ್ರೇಕ್ಷಕನ ತಿಳಿವಳಿಕೆ. ‘ಬೆಳ್ಳಿಮೋಡ’ (1967), ‘ಗೆಜ್ಜೆಪೂಜೆ’ (1969), ‘ನಾಗರಹಾವು’ (1972) ಚಿತ್ರಗಳ ಅನಂತರ ನಿರ್ದೇಶಕನೊಬ್ಬನ ಹೆಸರೇ ಹೀಗೆ ಸಮಾಸದ ಪೂರ್ವಪದವಾಗಿ ನಿಲ್ಲಬಲ್ಲುದಾಯಿತು ಎಂಬುದು ಕನ್ನಡ ಚಿತ್ರರಂಗದ ಇತಿಹಾಸಕ್ಕೆ ಸಂಬಂಧಿಸಿದ ಸಂಗತಿಯೂ ಹೌದು. ಭಾರತೀಯ ಇಂಗ್ಲಿಷಿನ ನಾಮಪದರೂಪಿ ‘ಡೈರೆಕ್ಟೋರಿಯಲ್’ಗೆ ಕನ್ನಡ ಹೊಸ ಪದವನ್ನು ಹುಡುಕಬೇಕಿಲ್ಲ, ಈ ಸಮಾಸ ಅದನ್ನು ಎಂದೋ ನಿಭಾಯಿಸಿದೆ.

ಹಲಸೂರನ್ನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ. ಲಿಡೋ, ಸೇಂಟ್ ಜಾನ್ಸ್ ರಸ್ತೆಯ ಲಾವಣ್ಯ ಮೊದಲಾದ ಚಿತ್ರಮಂದಿರಗಳನ್ನು ಕಂಡ ದಂಡುಪ್ರದೇಶದ ಈ ಭಾಗದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಮಾತನಾಡುವವರು ತಲೆಮಾರುಗಳಿಂದ ಒಟ್ಟಿಗಿದ್ದಾರೆ. (ಲಿಡೋ ಇದ್ದ ಜಾಗದಲ್ಲಿ ಈಗ ವಾಣಿಜ್ಯ ಸಂಕೀರ್ಣವಿದೆ.) ಇಂಥ ಬಹುಭಾಷಿಕ ಪರಿಸರದಲ್ಲಿ ಒಂದೇ ವೃತ್ತಿಗೆ ನೆರೆಭಾಷೆಗಳು ಇಟ್ಟ ಹೆಸರುಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ತಮಿಳಿನಲ್ಲಿ ನಿರ್ದೇಶನ ‘ಇಯಕ್ಕಂ’, ಅಂದರೆ ಚಲಿಸುವಂತೆ ಮಾಡುವುದು. ದೇಶೀ ಧಾತುವಿನಿಂದಲೇ ಅದು ಬಂದಿದೆ. ತೆಲುಗಿನಲ್ಲಿ ‘ದರ್ಶಕತ್ವಂ’. ತೆಲುಗಿನ ‘ದರ್ಶಕುಡು’ ನಿರ್ದೇಶಕನಾದರೆ ಹಿಂದಿಯ ‘ದರ್ಶಕ್’ ಎದುರು ಕುಳಿತ ಪ್ರೇಕ್ಷಕ. ಮಲಯಾಳದ ‘ಸಂವಿಧಾನಂ’ ಎಂಬುದನ್ನು ಕನ್ನಡಿಗರು ಭಿತ್ತಿಪತ್ರದಲ್ಲಿ ಓದಿದರೆ ರಾಜ್ಯಾಂಗವೇ ನೆನಪಾಗಬೇಕು. ಮರಾಠಿಯ ‘ದಿಗ್ದರ್ಶಕ’ ಕನ್ನಡದಲ್ಲೂ ಒಂದು ಕಾಲಕ್ಕೆ ಓಡಾಡಿ, ‘ನಿರ್ದೇಶಕ’ನಿಗೆ ಜಾಗ ಬಿಟ್ಟುಕೊಟ್ಟಿತು. ಸಂಸ್ಕೃತದಿಂದ ಎರವಲು ತಂದುಕೊಂಡರೂ ಯಾವ ಎರಡು ಭಾಷೆಗಳೂ ಅರ್ಥವನ್ನು ಒಂದೇ ಕಡೆ ನಿಲ್ಲಿಸಿಕೊಂಡಿಲ್ಲ. ಹೀಗಿರುವಾಗ ಹಿಂದಿಯಲ್ಲಿ ಇದೆ ಎಂಬ ಕಾರಣಕ್ಕೆ ‘ನಿರ್ದೇಶಿತ’ವನ್ನು ಕನ್ನಡಕ್ಕೆ ತರುವವರು ಸ್ವಲ್ಪ ತಡೆಯಬೇಕು. ಕನ್ನಡದಲ್ಲಿ ಅದಕ್ಕೆ ‘ನಾಮನಿರ್ದೇಶಿತ ಸದಸ್ಯ’ ಎಂಬಲ್ಲಿನ ಆಡಳಿತದ ವಾಸನೆ ಹತ್ತಿದೆ; ‘ನಿರ್ದೇಶಿಸಿದ’ ಎಂಬ ಕೃದಂತ ಇರುವಾಗ ಅದರ ಅಗತ್ಯವೂ ಕಾಣದು.

3

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಂಗ್ಲಿಷ್ ವಿಮರ್ಶಕನೊಬ್ಬ ಚಿತ್ರವೊಂದರ ‘ಡೈರೆಕ್ಟೋರಿಯಲ್’ ದೋಷದ ಬಗ್ಗೆ ಬರೆದಿದ್ದಾನೆಂದು ಭಾವಿಸೋಣ. ಕನ್ನಡಕ್ಕೆ ತರುವಾಗ ‘ನಿರ್ದೇಶಕನ ದೋಷ’ ಎನ್ನಬೇಕೋ ‘ನಿರ್ದೇಶನದ ದೋಷ’ ಎನ್ನಬೇಕೋ? ಎರಡೂ ವ್ಯಾಕರಣಶುದ್ಧ. ಮೊದಲನೆಯದು ವ್ಯಕ್ತಿಯ ಮೇಲಿನ ಆರೋಪವಾಗುತ್ತದೆ. ಎರಡನೆಯದು ಕೃತಿಯಲ್ಲಿ ಕಾಣುವ ಒಂದು ಲಕ್ಷಣದ ಹೇಳಿಕೆ. ಕನ್ನಡ ಇಲ್ಲಿ ಆಯ್ಕೆಯನ್ನು ಕಡ್ಡಾಯಗೊಳಿಸುತ್ತದೆ. ಇದನ್ನು ಕನ್ನಡದ ಪದಬಡತನವೆಂದು ತಿಳಿಯುವ ರೂಢಿಯಿದೆ. ನನ್ನ ಅಭಿಪ್ರಾಯದಲ್ಲಿ ಇಂಗ್ಲಿಷ್ ಪದ ಮುಚ್ಚಿಟ್ಟ ಒಂದು ವಿಮರ್ಶಾತ್ಮಕ ತೀರ್ಮಾನವನ್ನು ಕನ್ನಡದ ಷಷ್ಠೀ ವಿಭಕ್ತಿ ಹೊರಗೆಳೆಯುತ್ತದೆ.

ಈ ವ್ಯತ್ಯಾಸ ಕೇವಲ ಶಬ್ದದ್ದಲ್ಲ ಎಂಬುದಕ್ಕೆ ಕನ್ನಡ ಚಿತ್ರಗಳ ಇತಿಹಾಸದಲ್ಲೇ ಸಾಕಷ್ಟು ನಿದರ್ಶನಗಳಿವೆ. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿದ ‘ವಂಶವೃಕ್ಷ’ ಚಿತ್ರಕ್ಕೆ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಇಬ್ಬರೂ ನಿರ್ದೇಶಕರು. 1971ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶನದ ಗೌರವ ಇಬ್ಬರಿಗೂ ಸೇರಿ ಬಂತು. ಆ ಪ್ರಶಸ್ತಿಯ ಹೆಸರೇ ನಿರ್ದೇಶನಕ್ಕೆ ಸಂಬಂಧಿಸಿದ್ದು, ನಿರ್ದೇಶಕನಿಗಲ್ಲ ಎಂಬುದು ಇಲ್ಲಿ ಗಮನಾರ್ಹ. ಇಬ್ಬರು ವ್ಯಕ್ತಿಗಳು, ನಿರ್ದೇಶನ ಒಂದು. ‘ವಂಶವೃಕ್ಷ’ದಲ್ಲಿ ನಿರ್ದೇಶಕನ ದೃಷ್ಟಿ ಎಂದು ಬರೆದರೆ ಯಾವ ನಿರ್ದೇಶಕನ ಎಂಬ ಪ್ರಶ್ನೆ ಏಳುತ್ತದೆ. ‘ನಿರ್ದೇಶಕರ ದೃಷ್ಟಿ’ ಎಂದರೂ ಬಗೆಹರಿಯದು. ಕನ್ನಡದ ‘ಅರು’ ಪ್ರತ್ಯಯ ಬಹುವಚನಕ್ಕೂ ಗೌರವಕ್ಕೂ ಒಂದೇ. ‘ನಿರ್ದೇಶನದ ದೃಷ್ಟಿ’ ಎಂದಾಗ ಮಾತ್ರ ವಾಕ್ಯ ಚಿತ್ರಕ್ಕೆ ಅಂಟಿಕೊಳ್ಳುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಕೆ. ಬಾಲಚಂದರ್ 1969ರಲ್ಲಿ ತಮಿಳಿನಲ್ಲಿ ‘ಇರು ಕೋಡುಗಳ್’ ನಿರ್ದೇಶಿಸಿದರು. 1984ರಲ್ಲಿ ಅದೇ ಕಥೆಯನ್ನು ಕನ್ನಡದಲ್ಲಿ ‘ಎರಡು ರೇಖೆಗಳು’ ಆಗಿ ತಾವೇ ನಿರ್ದೇಶಿಸಿದರು. ಅದಕ್ಕೆ ಒಂದು ವರ್ಷ ಮೊದಲು ಬಂದ ‘ಬೆಂಕಿಯಲ್ಲಿ ಅರಳಿದ ಹೂವು’ ಕೂಡ ಅವರದೇ ತಮಿಳು ಚಿತ್ರದ ಕನ್ನಡ ರೂಪ. ಇಲ್ಲಿ ವ್ಯಕ್ತಿ ಒಬ್ಬರೇ, ನಿರ್ದೇಶನಗಳು ಎರಡು. ನಡುವೆ ಹದಿನೈದು ವರ್ಷಗಳ ಅಂತರ, ಬೇರೆ ನಟವರ್ಗ, ಬೇರೆ ಭಾಷೆ. ಹಲಸೂರಿನಂಥ ಕಡೆ ಎರಡೂ ಭಾಷೆಗಳ ಚಿತ್ರವನ್ನು ನೋಡಬಲ್ಲ ಪ್ರೇಕ್ಷಕನು ಎರಡನ್ನೂ ಹೋಲಿಸಬಯಸಿದರೆ ‘ನಿರ್ದೇಶಕನ ಶೈಲಿ’ ಎಂಬ ಮಾತು ಆತನಿಗೆ ಪ್ರಯೋಜನಕ್ಕೆ ಬಾರದು. ನಿರ್ದೇಶಕ ಒಬ್ಬರೇ ಆಗಿರುವಲ್ಲಿ ಬದಲಾದದ್ದೇನು ಎಂದು ಕೇಳಲು ‘ನಿರ್ದೇಶನದ ಶೈಲಿ’ ಬೇಕು. ಇಂಗ್ಲಿಷ್ ವಿಶೇಷಣ ಈ ಎರಡು ಪ್ರಶ್ನೆಗಳನ್ನೂ ಬೇರ್ಪಡಿಸುವುದಿಲ್ಲ.

ಪುಟ್ಟಣ್ಣನವರ ಕೊನೆಯ ಚಿತ್ರ ‘ಮಸಣದ ಹೂವು’ ಇನ್ನೂ ಸೂಕ್ಷ್ಮವಾದ ಪ್ರಸಂಗ. 1985ರಲ್ಲಿ ಅವರು ತೀರಿಕೊಂಡಾಗ ಚಿತ್ರ ಮುಗಿದಿರಲಿಲ್ಲ. ಅದನ್ನು ಪೂರ್ಣಗೊಳಿಸಿದವರು ಕೆ.ಎಸ್.ಎಲ್. ಸ್ವಾಮಿ. ಅದರ ಯಾವುದಾದರೊಂದು ದೃಶ್ಯದ ಬಗ್ಗೆ ಬರೆಯುವಾಗ ‘ನಿರ್ದೇಶಕನ’ ಎಂಬ ಷಷ್ಠಿಯನ್ನು ಬಳಸುವ ಮುನ್ನ ಸಂಶೋಧಕ ಒಂದಿಷ್ಟು ದಾಖಲೆಗಳನ್ನು ನೋಡಬೇಕಾಗುತ್ತದೆ. ‘ನಿರ್ದೇಶನದ’ ಎಂದರೆ ಅಷ್ಟು ಹೊರೆ ಇಲ್ಲ. ಯಾವ ವಿಭಕ್ತಿರೂಪ ಯಾವ ಬಗೆಯ ಸಾಕ್ಷ್ಯವನ್ನು ಕೇಳುತ್ತದೆ ಎಂಬುದು ಸಂಶೋಧನ ಪ್ರಬಂಧಗಳ ಮಟ್ಟಿಗೆ ಸಣ್ಣ ವಿಷಯವಲ್ಲ. ಸಂದರ್ಶನ, ಪತ್ರ, ಆತ್ಮಕಥನಗಳ ಆಧಾರವಿಲ್ಲದೆ ಚಿತ್ರವನ್ನಷ್ಟೇ ನೋಡಿ ‘ನಿರ್ದೇಶಕನ ಉದ್ದೇಶ’ವನ್ನು ನಿರ್ಣಯಿಸಿಬಿಡುವ ಪ್ರವೃತ್ತಿಗೆ ‘ಡೈರೆಕ್ಟೋರಿಯಲ್’ ಪದದ ಅಸಡ್ಡೆಯ ಅನುವಾದವೂ ಒಂದು ಪಾಲು ಕಾರಣವಾಗಿದೆ ಎಂದೇ ಹೇಳಬೇಕು.

ಈ ಪ್ರವೃತ್ತಿಯ ಹಿಂದೆ ಒಂದು ಸಿದ್ಧಾಂತದ ಬೆಂಬಲವೂ ಇದೆ. ಫ್ರಾನ್ಸ್ವಾ ತ್ರುಫೋ 1954ರಲ್ಲಿ ‘ಕಾಯೇ ದು ಸಿನೆಮಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ, ಅಮೆರಿಕದಲ್ಲಿ ಆಂಡ್ರ್ಯೂ ಸಾರಿಸ್ 1962ರಲ್ಲಿ ಬರೆದ ಪ್ರಬಂಧ, ಇವುಗಳ ಮೂಲಕ ನಿರ್ದೇಶಕನೇ ಚಿತ್ರದ ಕರ್ತೃ ಎಂಬ ವಿಚಾರ ಬೇರೂರಿತು. ‘ಡೈರೆಕ್ಟೋರಿಯಲ್’ ಎಂಬುದು ವ್ಯಕ್ತಿಮುದ್ರೆಯನ್ನು ಸೂಚಿಸುವ ಪದವಾಗಿ ಬಲಗೊಳ್ಳಲು ಇದೂ ಒಂದು ಕಾರಣವೆನ್ನಬಹುದು. ಆದರೆ ನಮ್ಮ ಹೊಸ ಅಲೆಯ ಚಿತ್ರಗಳು ಈ ಸಿದ್ಧಾಂತಕ್ಕೆ ಪೂರ್ತಿ ಒಗ್ಗುವುದಿಲ್ಲ. ‘ಸಂಸ್ಕಾರ’ (1970) ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಕಾದಂಬರಿ ಯು.ಆರ್. ಅನಂತಮೂರ್ತಿಯವರದು, ಚಿತ್ರಕಥೆ ಮತ್ತು ಮುಖ್ಯ ಪಾತ್ರ ಕಾರ್ನಾಡರದು, ಛಾಯಾಗ್ರಹಣ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು. ಸಾಹಿತ್ಯ ಕೃತಿಗಳನ್ನು ಆಧರಿಸಿದ ಇಂಥ ಚಿತ್ರಗಳಲ್ಲಿ ಷಷ್ಠೀ ವಿಭಕ್ತಿ ಒಮ್ಮೊಮ್ಮೆ ತಮಾಷೆಯನ್ನೂ ಮಾಡುತ್ತದೆ. ‘ಕಾರಂತರ ಚೋಮನ ದುಡಿ’ ಎಂದರೆ ಶಿವರಾಮ ಕಾರಂತರ ಕಾದಂಬರಿಯೂ ಆಗಬಹುದು, 1975ರ ಬಿ.ವಿ. ಕಾರಂತರ ಚಿತ್ರವೂ ಆಗಬಹುದು. ಕೇವಲ ‘ಅ’ ಪ್ರತ್ಯಯದ ಷಷ್ಠಿ ಸಾಲದೆ ಹೋಗಿ ‘ಕಾರಂತರು ನಿರ್ದೇಶಿಸಿದ’ ಎಂಬ ಕೃದಂತ ಅನಿವಾರ್ಯವಾಗುವುದು ಇಂಥ ಕಡೆ. ಸಂಬಂಧ ಯಾವುದೆಂದು ಬಾಯಿಬಿಟ್ಟು ಹೇಳುವ ಶಕ್ತಿ ಕನ್ನಡದಲ್ಲಿ ಇರುವುದು ಕೃದಂತಕ್ಕೆ.

4

ಇನ್ನು ‘ನಿರ್ದೇಶಕೀಯ’ ಎಂಬ ಸೃಷ್ಟಿಯ ವಿಚಾರ. ಸಂಸ್ಕೃತದ ‘ಈಯ’ ಪ್ರತ್ಯಯಾಂತ ಶಬ್ದಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ: ರಾಷ್ಟ್ರೀಯ, ಶಾಸ್ತ್ರೀಯ, ಮಾನವೀಯ. ವ್ಯಕ್ತಿ ಅಥವಾ ಸ್ಥಾನವಾಚಕಗಳಿಂದ ಬಂದವೂ ಇವೆ. ‘ಅಧ್ಯಕ್ಷೀಯ ಭಾಷಣ’ವಿಲ್ಲದ ಸಮಾರಂಭವೇ ಇಲ್ಲ. ‘ಸಂಪಾದಕೀಯ’ವಂತೂ ವಿಶೇಷಣದ ಸ್ಥಾನವನ್ನು ದಾಟಿ ನಾಮಪದವಾಗಿ ನೆಲೆನಿಂತಿದೆ. ಹಾಗಾದರೆ ‘ಸಂಪಾದಕ’ನಿಂದ ‘ಸಂಪಾದಕೀಯ’ ಆದಂತೆ ‘ನಿರ್ದೇಶಕ’ನಿಂದ ‘ನಿರ್ದೇಶಕೀಯ’ ಏಕೆ ಆಗಬಾರದು?

ಆಗಬಹುದು, ಆದರೆ ಎಲ್ಲ ಕಡೆಗೂ ಅಲ್ಲ. ‘ಅಧ್ಯಕ್ಷೀಯ’ವನ್ನೇ ನೋಡಿ. ಅದು ಅಧ್ಯಕ್ಷನೆಂಬ ವ್ಯಕ್ತಿಯ ಸ್ವಭಾವವನ್ನು ಹೇಳುವುದಿಲ್ಲ, ಸ್ಥಾನದಿಂದ ಬಂದ ಕರ್ತವ್ಯವನ್ನು ಹೇಳುತ್ತದೆ. ಅಧ್ಯಕ್ಷರು ಮನೆಯಲ್ಲಿ ಆಡಿದ ಮಾತು ಅಧ್ಯಕ್ಷೀಯ ಭಾಷಣವಾಗದು. ಕನ್ನಡದ ಬಳಕೆಯಲ್ಲಿ ವೃತ್ತಿವಾಚಕದ ಮೇಲೆ ಬರುವ ‘ಈಯ’ಕ್ಕೆ ಸ್ಥಾನದ ಅರ್ಥ ಬಲವಾಗಿದೆ. ಹಾಗಾಗಿ ಮೊದಲು ಹೇಳಿದ ಮೂರು ಸಂಬಂಧಗಳಲ್ಲಿ ಮೂರನೆಯದಕ್ಕೆ, ‘ನಿರ್ದೇಶಕೀಯ ಹೊಣೆ’, ‘ನಿರ್ದೇಶಕೀಯ ಅಧಿಕಾರ’ ಎಂಬಂಥ ಕಡೆ, ಈ ಪದ ನ್ಯಾಯವಾಗಿ ಸಲ್ಲುತ್ತದೆ. ಅಲ್ಲಿಯೂ ಸಂದರ್ಭ ಸಿನಿಮಾದ್ದೆಂದು ಸ್ಪಷ್ಟವಿರಬೇಕು. ಸಹಕಾರ ಸಂಘದ ನಿರ್ದೇಶಕರು, ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ತ್ವಗಳು ಇವೆಲ್ಲ ಇರುವ ಭಾಷೆಯಲ್ಲಿ ‘ನಿರ್ದೇಶಕೀಯ ಅಧಿಕಾರ’ ಎಂಬುದು ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸುವ ಸಂಭವವೇ ಹೆಚ್ಚು. ‘ನಾಟಕೀಯ’ದ ಗತಿಯನ್ನೂ ಮರೆಯಬಾರದು, ನಾಟಕಕ್ಕೆ ಸಂಬಂಧಿಸಿದ್ದು ಎಂಬ ಅರ್ಥದಲ್ಲಿ ಹೊರಟ ಪದ ದಿನಬಳಕೆಯಲ್ಲಿ ಸೋಗು, ಉತ್ಪ್ರೇಕ್ಷೆ ಎಂಬಲ್ಲಿಗೆ ಬಂದು ತಲುಪಿದೆ. ಚಿತ್ರೀಕರಣದ ಸ್ಥಳದಲ್ಲಿ ಕೆಲಸ ಮಾಡುವವರಂತೂ ಈ ಯಾವ ರೂಪವನ್ನೂ ಬಳಸುವುದಿಲ್ಲ. ‘ಡೈರೆಕ್ಷನ್ ಚೆನ್ನಾಗಿದೆ’, ‘ಡೈರೆಕ್ಟರ್ ಕೆಲಸ ಗೊತ್ತಿದೆ’ ಎನ್ನುವ ಅವರ ಮಾತಿನಲ್ಲಿ ಕ್ರಿಯೆ ಮತ್ತು ವ್ಯಕ್ತಿಯ ಅಂತರ ತಾನೇ ತಾನಾಗಿ ಉಳಿದಿದೆ.

ಜನಪ್ರಿಯ ಪದಪುಂಜಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಡೈರೆಕ್ಟೋರಿಯಲ್ ಡೆಬ್ಯು’ ಎಂಬುದಕ್ಕೆ ಪತ್ರಿಕೆಗಳು ಒಗ್ಗಿಸಿಕೊಂಡಿರುವ ‘ಚೊಚ್ಚಲ ನಿರ್ದೇಶನ’ ಸೊಗಸಾದ ಪ್ರಯೋಗ. ಚೊಚ್ಚಲ ಬಸುರಿ, ಚೊಚ್ಚಲ ಹೆರಿಗೆಯ ಆತಂಕ ಸಂಭ್ರಮಗಳೆಲ್ಲ ಅದರೊಂದಿಗೆ ಬರುತ್ತವೆ. ‘ಡೈರೆಕ್ಟೋರಿಯಲ್ ಟಚ್’ ಎಂಬಲ್ಲಿ ‘ಕೈಚಳಕ’ ಹೊಂದುತ್ತದೆ. ‘ಕೈವಾಡ’ ಎಂದು ಬರೆದರೆ ಅರ್ಥ ಪಿತೂರಿಯ ಕಡೆಗೆ ತಿರುಗೀತು.

‘ನಿರ್ದೇಶಕೀಯ’ದ ಪರವಾಗಿ ಹೇಳಬಹುದಾದ ಒಂದು ಬಲವಾದ ಮಾತು ಉಳಿದಿದೆ. ಷಷ್ಠೀ ವಿಭಕ್ತಿ ವ್ಯಕ್ತಿವಾಚಕದ ಮೇಲೆ ಬಂದಾಗ ಲಿಂಗ, ವಚನ, ಗೌರವ ಮೂರನ್ನೂ ಹೊತ್ತು ತರುತ್ತದೆ: ನಿರ್ದೇಶಕನ, ನಿರ್ದೇಶಕಿಯ, ನಿರ್ದೇಶಕರ. ಸಿದ್ಧಾಂತದ ಬರಹಗಳಲ್ಲಿ ‘ನಿರ್ದೇಶಕನ ದೃಷ್ಟಿ’ ಎಂದು ಸಾಮಾನ್ಯವಾಗಿ ಬರೆಯುತ್ತ ಹೋಗುವಾಗ ನಿರ್ದೇಶಿಸುವವರು ಗಂಡಸರೇ ಎಂಬ ಊಹೆ ಗೊತ್ತಿಲ್ಲದಂತೆ ಸೇರಿಕೊಳ್ಳುತ್ತದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪ್ರೇಮಾ ಕಾರಂತರು ನಿರ್ದೇಶಿಸಿದ ‘ಫಣಿಯಮ್ಮ’ (1983) ಚಿತ್ರದ ಚರ್ಚೆಯಲ್ಲಿ ಇದು ಎದ್ದು ಕಾಣುತ್ತದೆ. ಬಾಲವಿಧವೆಯೊಬ್ಬಳ ಬದುಕನ್ನು ಚಿತ್ರ ನೋಡುವ ರೀತಿಯನ್ನು ‘ನಿರ್ದೇಶಕಿಯ ದೃಷ್ಟಿ’ ಎಂದು ಕರೆದರೆ ನೋಡುವವರು ಹೆಣ್ಣೆಂಬುದಕ್ಕೆ ಒತ್ತು ಬೀಳುತ್ತದೆ. ಸ್ತ್ರೀವಾದಿ ವಿಮರ್ಶೆಗೆ ಬೇಕಾದದ್ದು ಬಹುಶಃ ಅದೇ. ‘ನಿರ್ದೇಶನದ ದೃಷ್ಟಿ’ ಎಂದರೆ ಕ್ಯಾಮೆರಾ, ನಟನೆ, ಗತಿಗಳ ನಿರ್ವಹಣೆಗೆ ಒತ್ತು. ಇವೆರಡರಲ್ಲಿ ಯಾವುದನ್ನೂ ಮುಂದುಮಾಡದೆ ಸ್ಥಾನವನ್ನಷ್ಟೇ ಸೂಚಿಸಬೇಕಾದಲ್ಲಿ ‘ನಿರ್ದೇಶಕೀಯ ದೃಷ್ಟಿ’ಗೆ ಅವಕಾಶವಿದೆ.

ಆದರೆ ಇದೇ ಉದಾಹರಣೆ ಪದದ ದುರ್ಬಲ ಜಾಗವನ್ನೂ ತೋರಿಸಿಕೊಡುತ್ತದೆ. ‘ನಿರ್ದೇಶಕಿಯ’ ಮತ್ತು ‘ನಿರ್ದೇಶಕೀಯ’ ಇವೆರಡಕ್ಕೂ ಇರುವ ವ್ಯತ್ಯಾಸ ಒಂದು ದೀರ್ಘ ಮಾತ್ರ. ‘ಸಂಪಾದಕಿಯ’ ಮತ್ತು ‘ಸಂಪಾದಕೀಯ’ ರೂಪಗಳ ಅಂತರವೂ ಅಷ್ಟೇ ಆದರೂ ಎರಡನೆಯದು ರೂಢಿಯಲ್ಲಿ ಗಟ್ಟಿಯಾಗಿರುವುದರಿಂದ ಗೊಂದಲವಾಗುವುದಿಲ್ಲ. ‘ನಿರ್ದೇಶಕೀಯ’ಕ್ಕೆ ಆ ರೂಢಿಯ ರಕ್ಷಣೆ ಇಲ್ಲ. ಮಾತಿನಲ್ಲಿ ಈ ದೀರ್ಘ ಸುಲಭವಾಗಿ ಜಾರಿಹೋಗುತ್ತದೆ. ಅಚ್ಚಿನಲ್ಲಿ ಜಾರಿದರೆ ಪುರುಷರೊಬ್ಬರು ನಿರ್ದೇಶಿಸಿದ ಚಿತ್ರದ ವಿಮರ್ಶೆಯಲ್ಲಿ ಇಲ್ಲದ ನಿರ್ದೇಶಕಿಯೊಬ್ಬರು ಪ್ರತ್ಯಕ್ಷರಾಗುತ್ತಾರೆ. ‘ಫಣಿಯಮ್ಮ’ದಂಥ ಚಿತ್ರದ ಬಗೆಗಿನ ಬರಹದಲ್ಲಿ ಎರಡು ರೂಪಗಳೂ ಅರ್ಥ ಕೊಡುವುದರಿಂದ ತಪ್ಪಾಗಿದೆಯೆಂಬುದೇ ಯಾರಿಗೂ ತಿಳಿಯುವುದಿಲ್ಲ. ಈ ಪದವನ್ನು ಬಳಸುವ ಪ್ರಬಂಧಕಾರರು ಕರಡು ತಿದ್ದುವವರಿಗೆ ಮೊದಲೇ ಒಂದು ಸೂಚನೆ ಬರೆದುಕೊಡುವುದು ಒಳಿತು.